ಡಂಗುರ ಸಾರಿದ ಕೊರಳು: ಕರ್ನಾಟಕದ ಸಾರುವಿಕೆಯ ಪರಂಪರೆ

ಗುಟ್ಟನ್ನು ಬಯಲು ಮಾಡಿದವರನ್ನು ಕುರಿತು 'ಊರಿಗೆಲ್ಲ ಡಂಗುರ ಸಾರಿದ' ಎಂದು ಕನ್ನಡಿಗರು ಇಂದಿಗೂ ಆಡಿಕೊಳ್ಳುತ್ತಾರೆ. 'ಟಾಂಟಾಂ ಹೊಡೆದ' ಎಂಬ ಮಾತೂ ಇದೇ ಅರ್ಥದಲ್ಲಿ ಬಳಕೆಯಲ್ಲಿದೆ. ಡಂಗುರದ ಸದ್ದು ನಿಂತುಹೋದ ಊರುಗಳಲ್ಲಿಯೂ ಈ ನುಡಿಗಟ್ಟುಗಳು ಉಳಿದುಕೊಂಡಿವೆ. ಆದರೆ ಭಾಷೆಯು ಕ್ರಿಯೆಯನ್ನು ಉಳಿಸಿಕೊಂಡಷ್ಟು ಜತನದಿಂದ ಆ ಕ್ರಿಯೆಯನ್ನು ನಡೆಸಿದ ಮನುಷ್ಯನನ್ನು ಉಳಿಸಿಕೊಂಡಿಲ್ಲ. ಡಂಗುರ ಸಾರಿಸಿದವರ ಹೆಸರು ಶಾಸನಗಳಲ್ಲಿ, ಕಡತಗಳಲ್ಲಿ, ಕಾವ್ಯಗಳಲ್ಲಿ ದೊರೆಯುತ್ತದೆ. ಸಾರಿದವರ ಹೆಸರು ದೊರೆಯುವುದಿಲ್ಲ. ಈ ಕೊರತೆಯು ಆಕಸ್ಮಿಕವಾದುದಲ್ಲ. ಸಾರುವಿಕೆಯ ಸ್ವರೂಪದಲ್ಲಿಯೇ ಅದಕ್ಕೆ ಕಾರಣವಿದೆ.

ಜಾನಪದ ಅಧ್ಯಯನವು ತಮಟೆ, ಹಲಗೆ, ನಗಾರಿಗಳನ್ನು ವಾದ್ಯಗಳೆಂದು, ಅವುಗಳ ಬಡಿತವನ್ನು ಕಲೆಯೆಂದು ಪರಿಗಣಿಸಿದೆ. ಅದೇ ವಾದ್ಯವು ಆಡಳಿತದ ಸಾಧನವಾಗಿ, ನ್ಯಾಯದ ಅಂಗವಾಗಿ, ಬಿಟ್ಟಿ ಚಾಕರಿಯ ಗುರುತಾಗಿ ನಿಂತ ಬಗೆಯನ್ನು ಪ್ರತ್ಯೇಕವಾಗಿ ನೋಡಬೇಕಾಗಿದೆ. ಸಾರುವಿಕೆಯು ಅಕ್ಷರ ಬಾರದ ಜನರಿಗೆ ಸುದ್ದಿ ತಿಳಿಯುವ ಹಕ್ಕನ್ನು ಕಾಪಾಡಿತು. ಅದೇ ವೇಳೆಗೆ ಆ ಹಕ್ಕಿನ ಭಾರವನ್ನು ಕೆಲವು ಸಮುದಾಯಗಳ ಹುಟ್ಟಿನ ಮೇಲೆ ಹೊರಿಸಿತು. ಈ ಎರಡು ಸಂಗತಿಗಳನ್ನು ಬೇರ್ಪಡಿಸಿ ತೂಗುವುದು ಪ್ರಸ್ತುತ ಲೇಖನದ ಉದ್ದೇಶ.

ಪದಗಳ ಸಾಕ್ಷ್ಯ

ಕನ್ನಡದಲ್ಲಿ ಈ ಕ್ರಿಯೆಗೆ ಇರುವ ಮೂಲ ಪದ 'ಸಾರು'. ಹಳಗನ್ನಡದಲ್ಲಿ ಇದು ಶಕಟರೇಫದ 'ಸಾಱು'. ತಮಿಳಿನ 'ಸಾಱ್ಱು', ತೆಲುಗಿನ 'ಚಾಟು' ಇದರ ಸೋದರ ಪದಗಳು. ಹೇಳು, ನುಡಿ, ಆಡು ಎಂಬ ಕ್ರಿಯಾಪದಗಳಿಗೆ ಎದುರಿಗೆ ಒಬ್ಬ ಕೇಳುಗನಿದ್ದರೆ ಸಾಕು. 'ಸಾರು' ಎಂಬುದಕ್ಕೆ ಸಮೂಹವೇ ಬೇಕು. ಒಬ್ಬನ ಕಿವಿಯಲ್ಲಿ ಯಾರೂ ಸಾರುವುದಿಲ್ಲ. ತೆಲುಗಿನಲ್ಲಿ 'ಚಾಟಿಂಪು', 'ದಂಡೋರ', ತಮಿಳಿನಲ್ಲಿ 'ತಂಡೋರ', ಮರಾಠಿಯಲ್ಲಿ 'ದವಂಡಿ' ಎಂದು ಕರೆಯುವುದು ಕನ್ನಡದ ಡಂಗುರವನ್ನೇ. 'ಟಾಂಟಾಂ' ಎಂಬುದು ವಾದ್ಯದ ಸದ್ದಿನಿಂದ ಹುಟ್ಟಿದ ಮಾತಾಗಿ, ವಸಾಹತು ಕಾಲದ ಕಚೇರಿ ಬಳಕೆಯ ಮೂಲಕ ಎಲ್ಲೆಡೆ ಹರಡಿತು.

ಇದಕ್ಕಿಂತ ಹೆಚ್ಚು ಗಮನಾರ್ಹವಾದುದು 'ಪಱೆ' ಎಂಬ ಪದ. ಹಳಗನ್ನಡದಲ್ಲಿ ಪಱೆ ಎಂದರೆ ಚರ್ಮವಾದ್ಯ. ಪಕಾರವು ಹಕಾರವಾದ ಮೇಲೆ ಅದು 'ಹಱೆ', 'ಹರೆ' ಎಂದಾಯಿತು. ತಮಿಳಿನಲ್ಲಿ 'ಪಱೈ' ಎಂಬುದಕ್ಕೆ ವಾದ್ಯವೆಂಬ ಅರ್ಥದ ಜೊತೆಗೆ ನುಡಿಯೆಂಬ ಅರ್ಥವೂ ಇದೆ. ಮಲಯಾಳದಲ್ಲಿ 'ಪಱಯುಕ' ಎಂದರೆ ಹೇಳುವುದು. ಬಾರಿಸುವುದು ಮತ್ತು ನುಡಿಯುವುದು ದ್ರಾವಿಡ ಭಾಷೆಗಳಲ್ಲಿ ಇಷ್ಟು ಹತ್ತಿರದಲ್ಲಿರುವುದು, ಸಾರುವಿಕೆಯು ರಾಜಾಡಳಿತದ ಕೊಡುಗೆ ಮಾತ್ರವಲ್ಲ, ಅದಕ್ಕೂ ಹಿಂದಿನ ಸಮುದಾಯ ಜೀವನದ ಭಾಗವಾಗಿತ್ತೆಂಬ ಊಹೆಗೆ ಎಡೆಮಾಡಿಕೊಡುತ್ತದೆ.

ಬರೆಹಕ್ಕಿಂತ ಮೊದಲು ಭೇರಿ

ಕರ್ನಾಟಕದಲ್ಲಿ ದೊರೆತಿರುವ ಅತ್ಯಂತ ಹಳೆಯ ಆಡಳಿತ ಬರೆಹಗಳೆಂದರೆ ಅಶೋಕನ ಶಾಸನಗಳು. ಅವುಗಳನ್ನು ಬರೆಹದ ಆರಂಭವೆಂದು ಓದುವುದು ರೂಢಿ. ವಾಸ್ತವವಾಗಿ ಅವು ಕೇಳಿಸುವುದಕ್ಕಾಗಿ ಕೊರೆಸಿದ ಬರೆಹಗಳು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು ೧೮೯೨ರಲ್ಲಿ ಪತ್ತೆಮಾಡಿದ ಶಾಸನವು ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ ಹೋದ ಆಜ್ಞೆ. ಆಜ್ಞೆಯು ಮೇಲಿನಿಂದ ಕೆಳಗೆ ಇಳಿದ ಮೆಟ್ಟಿಲುಗಳು ಇಲ್ಲಿ ಸ್ಪಷ್ಟವಾಗಿವೆ. ಕೊನೆಯ ಮೆಟ್ಟಿಲು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಿ ಕಾಣುತ್ತದೆ. ರಜ್ಜುಕನೆಂಬ ಅಧಿಕಾರಿಗೆ ಆಜ್ಞೆ ತಲುಪಬೇಕು, ಅವನು ಭೇರಿಯ ಮೂಲಕ ಜನಪದಕ್ಕೆ ಅದನ್ನು ತಿಳಿಸಬೇಕು ಎಂಬುದು ಅದರ ಸೂಚನೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿರುವ ಪ್ರತ್ಯೇಕ ಶಿಲಾಶಾಸನಗಳು, ತಿಷ್ಯ ನಕ್ಷತ್ರದ ದಿನಗಳಂದು ಬರೆಹವನ್ನು ಓದಿ ಕೇಳಿಸಬೇಕೆಂದೂ, ಒಬ್ಬನೇ ಕೇಳುಗನಿದ್ದರೂ ಕೇಳಿಸಬಹುದೆಂದೂ ವಿಧಿಸುತ್ತವೆ.

ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬರೆದ ಲಿಪಿಕಾರ ಚಪಡನು ತನ್ನ ಹೆಸರನ್ನು ಕಲ್ಲಿನಲ್ಲಿ ಉಳಿಸಿದ್ದಾನೆ. 'ಲಿಪಿಕಾರ' ಎಂಬ ತನ್ನ ವೃತ್ತಿಯನ್ನು ಖರೋಷ್ಠಿಯಲ್ಲಿ ನಮೂದಿಸಿದ್ದಾನೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಬರೆಹಗಾರನೊಬ್ಬನ ಹೆಸರು ಹೀಗೆ ತಿಳಿದಿದೆ. ಅದೇ ಆಜ್ಞೆಯನ್ನು ಭೇರಿ ಬಾರಿಸಿ ಹಳ್ಳಿಹಳ್ಳಿಗೆ ಮುಟ್ಟಿಸಿದವನ ಹೆಸರು ತಿಳಿದಿಲ್ಲ. ಬರೆದವನಿಗೆ ಹೆಸರು, ಸಾರಿದವನಿಗೆ ಸದ್ದು ಮಾತ್ರ ಎಂಬ ಹಂಚಿಕೆಯು ಮುಂದಿನ ಶತಮಾನಗಳಲ್ಲಿಯೂ ಬದಲಾಗಲಿಲ್ಲ.

ಸಾರುವವನ ಸಾಮಾಜಿಕ ಸ್ಥಾನವನ್ನು ತಿಳಿಯಲು ಶೂದ್ರಕನ 'ಮೃಚ್ಛಕಟಿಕ' ನಾಟಕದ ಹತ್ತನೆಯ ಅಂಕ ನೆರವಾಗುತ್ತದೆ. ಕೊಲೆಯ ಸುಳ್ಳು ಆರೋಪ ಹೊತ್ತ ಚಾರುದತ್ತನನ್ನು ಇಬ್ಬರು ಚಾಂಡಾಲರು ವಧಾಸ್ಥಾನಕ್ಕೆ ಕರೆದೊಯ್ಯುತ್ತಾರೆ. ದಾರಿಯಲ್ಲಿ ಗೊತ್ತುಪಡಿಸಿದ ಘೋಷಣಾಸ್ಥಾನಗಳಲ್ಲಿ ಡಿಂಡಿಮ ಬಾರಿಸಿ ಅವನ ಕುಲ, ಅಪರಾಧ, ಶಿಕ್ಷೆಗಳನ್ನು ಸಾರುತ್ತಾರೆ. ಈ ಸಾರುವಿಕೆಯೇ ಕಥೆಯ ತಿರುವಿಗೆ ಕಾರಣವಾಗುತ್ತದೆ. ಸೆರೆಯಲ್ಲಿದ್ದ ಸ್ಥಾವರಕನು ಘೋಷಣೆಯನ್ನು ಕೇಳಿ ಮೇಲಿನಿಂದ ಧುಮುಕಿ ನಿಜವನ್ನು ನುಡಿಯುತ್ತಾನೆ. ಸತ್ತಳೆಂದು ಭಾವಿಸಲಾದ ವಸಂತಸೇನೆಯು ಘೋಷಣೆಯನ್ನು ಕೇಳಿ ಓಡಿಬರುತ್ತಾಳೆ. ಸಾರುವಿಕೆಯು ಆಜ್ಞೆಯನ್ನು ಇಳಿಸುವ ದಾರಿಯಷ್ಟೇ ಆಗಿರದೆ, ಕೇಳಿದವರು ತಕರಾರು ಎತ್ತುವುದಕ್ಕೆ ಇದ್ದ ಅವಕಾಶವೂ ಆಗಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಹಿತ್ಯಿಕ ನಿದರ್ಶನ ಬೇಕಿಲ್ಲ. ಅದೇ ಅಂಕದಲ್ಲಿ ಆ ಚಾಂಡಾಲರು ತಾವು ಹುಟ್ಟಿನಿಂದ ಚಾಂಡಾಲರಾದರೂ, ಸಜ್ಜನನನ್ನು ಪೀಡಿಸುವವರೇ ನಿಜವಾದ ಚಾಂಡಾಲರೆಂದು ನುಡಿಯುತ್ತಾರೆ. ತಮ್ಮ ಬಾಯಿಂದ ಬರುವ ಮಾತು ತಮ್ಮದಲ್ಲವೆಂಬ ಅರಿವು ಅವರಿಗಿದೆ.

ಕ್ರಿ.ಶ. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಭಾರತದಲ್ಲಿ ಸಂಚರಿಸಿದ ಚೀನೀ ಯಾತ್ರಿಕ ಫಾಹಿಯಾನನು ಮತ್ತೊಂದು ಸದ್ದನ್ನು ದಾಖಲಿಸಿದ್ದಾನೆ. ಊರಹೊರಗಿನ ಚಾಂಡಾಲರು ಪೇಟೆಯನ್ನು ಹೊಗುವಾಗ ಕೋಲು ಬಡಿದು ತಮ್ಮ ಬರವನ್ನು ತಿಳಿಸಬೇಕಿತ್ತು, ಆ ಸದ್ದು ಕೇಳಿ ಇತರರು ದೂರ ಸರಿಯುತ್ತಿದ್ದರು. ನಾಟಕವು ಚಿತ್ರಿಸಿದ ಡಿಂಡಿಮದ ಸದ್ದಿಗೆ ಜನ ಕೂಡುತ್ತಾರೆ, ಯಾತ್ರಿಕನು ದಾಖಲಿಸಿದ ಕೋಲಿನ ಸದ್ದಿಗೆ ಜನ ಚದುರುತ್ತಾರೆ. ಎರಡೂ ಸದ್ದುಗಳು ಒಂದೇ ಸಮುದಾಯದ ಪಾಲಿಗೆ ಬಂದವು.

ಗ್ರಾಮವ್ಯವಸ್ಥೆಯಲ್ಲಿ ಸಾರುವವನ ಸ್ಥಾನ

ಮಧ್ಯಕಾಲದಿಂದ ಇಪ್ಪತ್ತನೆಯ ಶತಮಾನದವರೆಗೆ ಕರ್ನಾಟಕದ ಹಳ್ಳಿಗಳಲ್ಲಿ ನೆಲೆಗೊಂಡಿದ್ದ ಆಯಗಾರ ಪದ್ಧತಿಯಲ್ಲಿ ಸಾರುವಿಕೆಗೆ ನಿಶ್ಚಿತವಾದ ಸ್ಥಾನವಿತ್ತು. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಬಡಗಿ, ಕಮ್ಮಾರ, ಅಗಸ, ಕ್ಷೌರಿಕ ಮೊದಲಾದವರನ್ನೊಳಗೊಂಡ ಈ ವ್ಯವಸ್ಥೆಯನ್ನು ಉತ್ತರದ ಭಾಗಗಳಲ್ಲಿ 'ಬಾರಾಬಲೂತಿ' ಎಂದು ಕರೆಯುತ್ತಿದ್ದರು. ಮಾರ್ಕ್ ವಿಲ್ಕ್ಸ್ ತನ್ನ ಮೈಸೂರು ಇತಿಹಾಸದ ೧೮೧೦ರ ಸಂಪುಟದಲ್ಲಿ ಈ ಹನ್ನೆರಡು ಮಂದಿಯ ಪಟ್ಟಿಯನ್ನು ಕೊಟ್ಟಿದ್ದಾನೆ. ಟಿಪ್ಪುವಿನ ಪತನಾನಂತರ ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್, ಕಣದಲ್ಲಿ ರಾಶಿ ಅಳೆಯುವಾಗ ಗ್ರಾಮಸೇವಕರ ಪಾಲನ್ನು ಮೊದಲಿಗೇ ತೆಗೆದಿಡುತ್ತಿದ್ದ ಕ್ರಮವನ್ನು ವಿವರಿಸಿದ್ದಾನೆ.

ಸಾರುವ ಹೊಣೆಯು ಪ್ರದೇಶದಿಂದ ಪ್ರದೇಶಕ್ಕೆ ಬೇರೆ ಬೇರೆ ಹೆಸರಿನವರ ಮೇಲೆ ಬೀಳುತ್ತಿತ್ತು. ಹಳೆಯ ಮೈಸೂರಿನಲ್ಲಿ ಸಾಮಾನ್ಯವಾಗಿ ತೋಟಿ, ಕೆಲವೆಡೆ ತಳವಾರ ಅಥವಾ ಕುಳವಾಡಿ. ಉತ್ತರ ಕರ್ನಾಟಕದಲ್ಲಿ ವಾಲೀಕಾರ, ಓಲೇಕಾರ ಮುಂತಾದವರು. ತಳವಾರಿಕೆಯು ಕೆಲವೆಡೆ ಬೇಡ ಸಮುದಾಯದ ಕೈಯಲ್ಲಿದ್ದರೂ, ಚರ್ಮವಾದ್ಯವನ್ನು ಮುಟ್ಟಿ ಬಾರಿಸುವ ಕೆಲಸ ಬಹುಮಟ್ಟಿಗೆ ಹೊಲೆಯ ಮತ್ತು ಮಾದಿಗ ಸಮುದಾಯಗಳದಾಗಿತ್ತು. ಸತ್ತ ದನದ ಚರ್ಮವನ್ನು ಹದಗೊಳಿಸಿ ವಾದ್ಯಕ್ಕೆ ಹೊದಿಸುವುದು, ಹುಲ್ಲಿನ ಬೆಂಕಿಗೆ ಹಿಡಿದು ಬಿಗಿಗೊಳಿಸುವುದು, ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು ಮತ್ತೊಂದರಲ್ಲಿ ತೆಳುವಾದ ಉದ್ದ ಕಡ್ಡಿ ಹಿಡಿದು ಬಾರಿಸುವುದು, ಆಮೇಲೆ ಸಾರುವುದು - ಇವೆಲ್ಲ ಒಂದೇ ಹುಟ್ಟಿಗೆ ಅಂಟಿಕೊಂಡ ಕೆಲಸಗಳಾಗಿದ್ದವು. ಈ ಚಾಕರಿಗೆ ಪ್ರತಿಯಾಗಿ ಸುಗ್ಗಿಯಲ್ಲಿ ಆಯದ ಕಾಳು, ಹಬ್ಬದಲ್ಲಿ ಊಟ, ಕೆಲವೆಡೆ ಇನಾಮು ಜಮೀನು ಸಲ್ಲುತ್ತಿತ್ತು. ಚಾಕರಿಯ ವೇಳೆಗೆ ಮಿತಿಯಿರಲಿಲ್ಲ. ಒಲ್ಲೆನೆನ್ನುವ ಅವಕಾಶವೂ ಇರಲಿಲ್ಲ.

ಸಾರುವ ಕ್ರಮ

ಡಂಗುರಕ್ಕೆ ಒಂದು ನಿಶ್ಚಿತ ರಚನೆಯಿದೆ. ಮೊದಲು ಬಡಿತ, ಬಡಿತ ನಿಂತೊಡನೆ ಕರೆ, ಆಮೇಲೆ ಆಜ್ಞೆ ಯಾರದೆಂಬ ಸೂಚನೆ, ವಿಷಯ, ದಿನ ಮತ್ತು ಸ್ಥಳ, ತಪ್ಪಿದರೆ ಆಗುವ ದಂಡ, ಕೊನೆಗೆ ಮತ್ತೆ ಬಡಿತ. ಚಾವಡಿ, ಅರಳಿಕಟ್ಟೆ, ಅಗಸೆಬಾಗಿಲು, ಬಾವಿಕಟ್ಟೆ, ಕೇರಿಯ ತಿರುವು ಮುಂತಾದ ಗೊತ್ತಾದ ಎಡೆಗಳಲ್ಲಿ ನಿಂತು ಅದೇ ಮಾತನ್ನು ಪುನರುಚ್ಚರಿಸಬೇಕು. ಜನ ಮನೆಯಲ್ಲಿರುವ ಹೊತ್ತು, ಎಂದರೆ ಮುಂಜಾನೆ ಅಥವಾ ದೀಪ ಹಚ್ಚಿದ ಮೇಲಿನ ಹೊತ್ತು, ಇದಕ್ಕೆ ಪ್ರಶಸ್ತ. ಹಬ್ಬದ ಬಡಿತ, ಹೆಣದ ಮುಂದಿನ ಬಡಿತ, ಡಂಗುರದ ಬಡಿತ ಇವು ಒಂದೇ ವಾದ್ಯದಲ್ಲಿ ಹುಟ್ಟಿದರೂ ಕೇಳುಗರಿಗೆ ಬೇರೆಬೇರೆಯಾಗಿ ತಿಳಿಯುತ್ತಿದ್ದವು. ಮಾತು ಆರಂಭವಾಗುವ ಮೊದಲೇ ಅದು ಯಾವ ಬಗೆಯ ಮಾತೆಂಬುದು ಊರಿಗೆ ಗೊತ್ತಾಗುತ್ತಿತ್ತು.

ಸಾರುವಿಕೆಯ ಸಾಮಾನ್ಯ ಮಾದರಿಯೊಂದನ್ನು ಹೀಗೆ ತೋರಿಸಬಹುದು: "ಕೇಳ್ರಪ್ಪೋ ಕೇಳಿ! ನಾಳೆ ಸೋಮವಾರ ಚಾವಡಿ ತಾವ ಕಂದಾಯ ಕಟ್ಟಿಸ್ಕೋತಾರಂತೆ. ಬಾಕಿ ಇರೋರೆಲ್ಲ ಬಂದು ಕಟ್ಟಬೇಕಂತೆ. ಕಟ್ಟದೆ ಹೋದ್ರೆ ಪಾತ್ರೆ ಪಡಗ ಜಪ್ತಿ ಮಾಡ್ತಾರಂತೆ!" ಇಲ್ಲಿ ಪ್ರತಿಯೊಂದು ಕ್ರಿಯಾಪದದ ಕೊನೆಗೂ ಬರುವ 'ಅಂತೆ' ಎಂಬ ಪ್ರತ್ಯಯವು ವಿಶೇಷ ಗಮನಕ್ಕೆ ಅರ್ಹವಾದುದು. ಕನ್ನಡದಲ್ಲಿ ಬೇರೆಯವರಿಂದ ಕೇಳಿದ ಮಾತನ್ನು ತನ್ನ ಮಾತಿನಿಂದ ಪ್ರತ್ಯೇಕಿಸುವ ಗುರುತು ಅದು. ಡಂಗುರದವನು ಆಜ್ಞೆಯನ್ನು ಹೊರುತ್ತಾನೆ, ಆದರೆ ಆಜ್ಞೆ ಅವನದಲ್ಲ. ಕಂದಾಯದ ಕಾಟಕ್ಕೆ ಬೈಗುಳ ಬರುವುದಾದರೆ ಅದು ಮೊದಲು ಅವನ ಕಿವಿಗೇ ಬೀಳುತ್ತದೆ. 'ಅಂತೆ' ಎಂಬ ಒಂದು ಪ್ರತ್ಯಯದ ಬಲದಿಂದ ಅವನು ಗೌಡನಿಗೂ ನೆರೆಯವರಿಗೂ ಏಕಕಾಲದಲ್ಲಿ ಉತ್ತರ ಹೇಳುತ್ತಾನೆ. ಅಕ್ಷರ ಬಾರದ ಆ ಕೊರಳು ದಿನಾಂಕ, ಮೊತ್ತ, ಸರಹದ್ದುಗಳನ್ನು ತಪ್ಪಿಲ್ಲದೆ ನೆನಪಿನಲ್ಲಿಟ್ಟುಕೊಂಡು ಕೇರಿಯಿಂದ ಕೇರಿಗೆ ಒಯ್ಯುತ್ತಿದ್ದುದನ್ನು ಮೌಖಿಕ ಪರಂಪರೆಯ ಸಾಮರ್ಥ್ಯವೆಂದು ಗುರುತಿಸಬೇಕು.

ಸಾರುವ ವಿಷಯಗಳು ಕಂದಾಯ, ಜಪ್ತಿ, ಹರಾಜುಗಳಿಗೆ ಸೀಮಿತವಾಗಿರಲಿಲ್ಲ. ಕೆರೆಯ ತೂಬು ಎತ್ತುವ ದಿನ, ಕಾಲುವೆಯ ಹೂಳು ತೆಗೆಯಲು ಮನೆಗೊಂದಾಳು, ತಪ್ಪಿಸಿಕೊಂಡ ದನ, ಸಾಂಕ್ರಾಮಿಕದ ಎಚ್ಚರಿಕೆ, ಸಂತೆಯ ಬದಲಾದ ವಾರ, ನ್ಯಾಯದ ಕೂಟ ಎಲ್ಲವೂ ಡಂಗುರದ ವ್ಯಾಪ್ತಿಗೆ ಬರುತ್ತಿದ್ದವು. ಧಾರ್ಮಿಕ ವಲಯದಲ್ಲಿ ಇದರ ಗಟ್ಟಿಯಾದ ರೂಪವೆಂದರೆ ದಕ್ಷಿಣ ಕರ್ನಾಟಕದ ಮಾರಿಹಬ್ಬಕ್ಕೆ 'ಸಾರು ಹಾಕುವುದು'. ಹಬ್ಬಕ್ಕೆ ಕೆಲವು ದಿನ ಮೊದಲು ತಮಟೆ ಬಾರಿಸಿ ಸಾರು ಹಾಕಿದ ಮೇಲೆ ಊರಿಗೆ ಕಟ್ಟುಪಾಡುಗಳು ಅನ್ವಯಿಸುತ್ತವೆ: ಒಗ್ಗರಣೆ ಹಾಕಬಾರದು, ಕುಟ್ಟಬಾರದು ಬೀಸಬಾರದು, ಊರು ಬಿಟ್ಟು ಹೋಗಬಾರದು ಎಂಬಂಥವು. ಇವುಗಳ ವಿವರ ಊರಿಂದೂರಿಗೆ ಬದಲಾಗುತ್ತದೆ. ಸಾಮಾನ್ಯ ದಿನಗಳು ಹಬ್ಬದ ದಿನಗಳಾಗಿ ಮಾರ್ಪಡುವುದು ಆ ಸಾರುವಿಕೆಯ ಕ್ಷಣದಿಂದಲೇ. ಊರಹೊರಗೆ ಇಟ್ಟವನ ಬಾಯಿಯಿಂದ ಊರೊಳಗಿನ ಪ್ರತಿ ಒಲೆಗೂ ಕಟ್ಟಳೆ ಬರುತ್ತದೆ.

ಸಾವಿನ ಸುದ್ದಿಯನ್ನು ನೆಂಟರ ಊರುಗಳಿಗೆ ಮುಟ್ಟಿಸುವುದೂ ಇದೇ ಸಮುದಾಯಗಳ ಚಾಕರಿಯಾಗಿತ್ತು. ಕರಾವಳಿಯಲ್ಲಿ ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಮಂಜಿನಲ್ಲಿ ಡೋಲು ಬಾರಿಸುತ್ತ ಕುಳಿತಿರಬೇಕಾದ 'ಪನಿ ಕುಲ್ಲುನು' ಎಂಬ ಪದ್ಧತಿಯೂ ವಾದ್ಯದ ಮೂಲಕ ಚಾಕರಿ ಹೇರಿದ ಇಂಥದೇ ಉದಾಹರಣೆ.

ದನಿಯ ಒಡೆತನ

ಸಾರುವ ವೃತ್ತಿಗೆ ಕೀಳುಸ್ಥಾನ ಕೊಟ್ಟ ಸಮಾಜ ಭಾರತ ಒಂದೇ ಅಲ್ಲ. ಪ್ರಾಚೀನ ರೋಮಿನಲ್ಲಿ 'ಪ್ರೇಕೊ' ಎಂಬ ಘೋಷಕರು ಸಭೆ, ಹರಾಜು, ಶವಯಾತ್ರೆಗಳನ್ನು ಸಾರುತ್ತಿದ್ದರು. ಕ್ರಿ.ಪೂ. ಒಂದನೆಯ ಶತಮಾನದ ಹೆರಾಕ್ಲಿಯ ತಾಮ್ರಪಟವು, ಆ ವೃತ್ತಿಯಲ್ಲಿರುವವರೆಗೆ ಅವರು ಪುರಾಡಳಿತದ ಅಧಿಕಾರಸ್ಥಾನಗಳಿಗೆ ಅನರ್ಹರೆಂದು ವಿಧಿಸಿತು. ಇಂಗ್ಲೆಂಡಿನ ಪಟ್ಟಣಗಳಲ್ಲಿ ಗಂಟೆ ಹಿಡಿದು 'ಓಯೆಜ್' ಎಂದು ಕೂಗುತ್ತಿದ್ದ ಘೋಷಕನು ಬಳಸಿದ ಮಾತು ಫ್ರೆಂಚ್ ಮೂಲದ್ದು. ಅದರ ಅರ್ಥ 'ಕೇಳಿರಿ' ಎಂದೇ. ಕನ್ನಡದ 'ಕೇಳ್ರಪ್ಪೋ' ಎಂಬ ಕರೆಗೂ ಅದಕ್ಕೂ ಉದ್ದೇಶದಲ್ಲಿ ಅಂತರವಿಲ್ಲ. ಆದರೆ ರೋಮಿನ ಘೋಷಕನು ವೃತ್ತಿಯನ್ನು ಬಿಟ್ಟ ದಿನ ಅವನ ಅನರ್ಹತೆಯೂ ಮುಗಿಯುತ್ತಿತ್ತು. ಇಂಗ್ಲೆಂಡಿನ ಘೋಷಕನು ನೇಮಕಗೊಂಡ ನೌಕರನಾಗಿದ್ದನು. ಇಲ್ಲಿನ ತೋಟಿಯು ವಾದ್ಯವನ್ನು ಕೆಳಗಿಟ್ಟರೂ ಹುಟ್ಟು ಅವನನ್ನು ಬಿಡುತ್ತಿರಲಿಲ್ಲ, ಹುಟ್ಟಿನ ಕಾರಣಕ್ಕಾಗಿಯೇ ವಾದ್ಯವನ್ನು ಕೆಳಗಿಡಲು ಊರು ಬಿಡುತ್ತಿರಲಿಲ್ಲ. ಅವನ ದನಿ ಮುಟ್ಟದ ಮನೆಯಿಲ್ಲ, ಅವನು ಕಾಲಿಡಬಹುದಾದ ಮನೆಗಳು ಬೆರಳೆಣಿಕೆಯವು. ಈ ವೈರುಧ್ಯವೇ ಕರ್ನಾಟಕದ ಡಂಗುರವನ್ನು ಉಳಿದ ಸಮಾಜಗಳ ಸಾರುವಿಕೆಯಿಂದ ಬೇರ್ಪಡಿಸುತ್ತದೆ.

ಇದೇ ಪರಂಪರೆಯ ಒಳಗೆ ಗೌರವದ ಎಳೆಗಳೂ ಇದ್ದವು. ಗಂಟೆ ಬಟ್ಟಲನ್ನು ಹಿಡಿದು ಲಿಂಗಾಯತ ಮತ್ತು ಇತರ ಬಲಗೈ ಸಮುದಾಯಗಳ ಮೆರವಣಿಗೆಗಳ ಮುಂದೆ ನಡೆಯುತ್ತಿದ್ದ ಛಲವಾದಿಯನ್ನು ಎಡ್ಗರ್ ಥರ್ಸ್ಟನ್ ೧೯೦೯ರಲ್ಲಿ ಪ್ರಕಟವಾದ ತನ್ನ ಸಂಪುಟಗಳಲ್ಲಿ ವಿವರಿಸಿದ್ದಾನೆ. ಆ ಗಂಟೆ ಬಟ್ಟಲು ಛಲವಾದಿಗೆ ಹೆಮ್ಮೆಯ ಬಿರುದಾಗಿತ್ತು. ಭಕ್ತಿಪರಂಪರೆಯಂತೂ ಸಾರುವ ಕೆಲಸವನ್ನು ಸ್ವಇಚ್ಛೆಯಿಂದ ತನ್ನದಾಗಿಸಿಕೊಂಡಿತು. ಪುರಂದರದಾಸರ ಕೀರ್ತನೆಯೊಂದು ದೇವರ ಹಿರಿಮೆಯನ್ನು ಡಂಗುರ ಹೊಡೆದು ಸಾರಬೇಕೆಂದು ಹರಿದಾಸರನ್ನು ಕರೆಯುತ್ತದೆ. ಊರಿನಲ್ಲಿ ಕೀಳೆನಿಸಿದ ಕೆಲಸವು ಭಕ್ತನ ಪಾಲಿಗೆ ಭಾಗ್ಯವೆನಿಸುವ ಈ ಪಲ್ಲಟ ಅರ್ಥಪೂರ್ಣವಾದುದು. ಆದರೂ ರೂಪಕದ ಗೌರವವು ರೂಪಕವನ್ನು ಕೊಟ್ಟವನ ಕೇರಿಯವರೆಗೆ ತಲುಪಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ಕಾನೂನಿನಲ್ಲಿ ಉಳಿದ ಡಂಗುರ

ವಸಾಹತು ಆಡಳಿತವು ಗ್ರಾಮದ ಡಂಗುರವನ್ನು ಕೈಬಿಡಲಿಲ್ಲ. ಅದನ್ನು ಕಾನೂನಿನ ಭಾಷೆಯೊಳಗೆ ತಂದಿತು. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೨೧ನೆಯ ಆದೇಶದ ೫೪ನೆಯ ನಿಯಮದ ಪ್ರಕಾರ, ಸ್ಥಿರಾಸ್ತಿಯ ಜಪ್ತಿ ಆಜ್ಞೆಯನ್ನು ಆ ಆಸ್ತಿಯ ಮೇಲೆ ಅಥವಾ ಅದರ ಪಕ್ಕದಲ್ಲಿ ಡಂಗುರ ಬಾರಿಸಿ ಇಲ್ಲವೇ ರೂಢಿಯಲ್ಲಿರುವ ಬೇರೆ ರೀತಿಯಲ್ಲಿ ಸಾರಬೇಕು. ಹರಾಜಿನ ಘೋಷಣೆಗೂ ಇದೇ ಕ್ರಮ ಅನ್ವಯಿಸುತ್ತದೆ. ಬಾಡಿಗೆದಾರನಿರುವ ಆಸ್ತಿಯ ಸಾಂಕೇತಿಕ ಸ್ವಾಧೀನ ಕೊಡುವಾಗಲೂ ೩೬ನೆಯ ನಿಯಮವು ಡಂಗುರವನ್ನು ಹೇಳುತ್ತದೆ. ಈ ನಿಯಮಗಳು ಇಂದಿಗೂ ಸಂಹಿತೆಯಲ್ಲಿವೆ. ತಲೆತಪ್ಪಿಸಿಕೊಂಡ ಆರೋಪಿಯ ವಿರುದ್ಧದ ಉದ್ಘೋಷಣೆಯನ್ನು ಅವನು ವಾಸವಿದ್ದ ಊರಿನ ಎದ್ದುಕಾಣುವ ಸ್ಥಳದಲ್ಲಿ ಬಹಿರಂಗವಾಗಿ ಓದಬೇಕೆಂಬ ವಿಧಿಯು ೧೯೭೩ರ ದಂಡ ಪ್ರಕ್ರಿಯಾ ಸಂಹಿತೆಯ ೮೨ನೆಯ ಕಲಮಿನಲ್ಲಿತ್ತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೮೪ನೆಯ ಕಲಮಿನಲ್ಲಿಯೂ ಅದು ಮುಂದುವರಿದಿದೆ.

ಶಾಸನಕಾರರು ಈ ಸದ್ದಿಗೆ ಇಷ್ಟು ಮಹತ್ವ ಕೊಟ್ಟಿದ್ದಕ್ಕೆ ಕಾರಣವಿದೆ. ೧೯೫೧ರ ಜನಗಣತಿಯಲ್ಲಿಯೂ ದೇಶದ ಸಾಕ್ಷರತೆಯ ಪ್ರಮಾಣ ಶೇ. ೧೮.೩೩ ಇತ್ತು. ಕಚೇರಿಯ ಗೋಡೆಗೆ ಅಂಟಿಸಿದ ನೋಟೀಸು ಬಹುಪಾಲು ರೈತರಿಗೆ ಮೂಕವಾಗಿತ್ತು. ಸಾಲಕ್ಕಾಗಿ ಜಪ್ತಿಯಾದ ಹೊಲದ ಹರಾಜು ಎಂದು, ಎಲ್ಲಿ ಎಂಬುದು ಸಾಲಗಾರನಿಗೂ ಅವನ ನೆರೆಯವರಿಗೂ ತಿಳಿದರೆ ತಕರಾರು ಸಲ್ಲಿಸಲು, ಹಣ ಹೊಂದಿಸಲು, ನ್ಯಾಯವಾದ ಬೆಲೆ ಕೂಗಲು ಅವಕಾಶವಾಗುತ್ತದೆ. ತಿಳಿಯದಿದ್ದರೆ ಹೊಲವು ಅಗ್ಗಕ್ಕೆ ಕೈಬದಲಾಗುತ್ತದೆ. ಆದ್ದರಿಂದಲೇ ಹರಾಜಿನ ಪ್ರಕಟಣೆಯಲ್ಲಿ ಗಂಭೀರ ಲೋಪ ಅಥವಾ ಮೋಸ ನಡೆದು, ಅದರಿಂದ ಗಣನೀಯ ನಷ್ಟವಾದರೆ ಹರಾಜನ್ನು ರದ್ದುಪಡಿಸಬಹುದೆಂದು ಅದೇ ೨೧ನೆಯ ಆದೇಶದ ೯೦ನೆಯ ನಿಯಮ ಹೇಳುತ್ತದೆ. ಮೃಚ್ಛಕಟಿಕದ ಘೋಷಣಾಸ್ಥಾನದಲ್ಲಿ ಕಂಡ ತತ್ತ್ವವೇ ಇದು: ಸಾರಿದರೆ ಮಾತ್ರ ಎದುರು ನುಡಿಯಲು ಸಾಧ್ಯ.

ಕಾಗದದ ಮೇಲೆ ಡಂಗುರ ಉಳಿದು, ಊರಿನಲ್ಲಿ ಬಾರಿಸುವವರು ಇಲ್ಲವಾದಾಗ ಹೊಸ ತೊಡಕೊಂದು ಹುಟ್ಟುತ್ತದೆ. ಡಂಗುರ ಹೊಡೆಸಲಾಯಿತೆಂಬ ಅಮೀನನ ವರದಿ, ಪಂಚರ ಸಹಿ, ಟಾಂಟಾಂ ಖರ್ಚಿನ ನಮೂದು ಇವು ಕಡತದಲ್ಲಿದ್ದರೆ ಸದ್ದು ಆಯಿತೆಂದು ಭಾವಿಸಲು ಆಧಾರ ದೊರೆಯುತ್ತದೆ. ನಿಜವಾಗಿ ಯಾರಾದರೂ ಕೇಳಿದರೇ ಎಂಬುದು ಬೇರೆಯೇ ಪ್ರಶ್ನೆ. ಸದ್ದು ಬರೆಹವಾಗಿ ಮಾರ್ಪಟ್ಟಾಗ, ಅದು ಯಾರಿಗಾಗಿ ಇತ್ತೋ ಅವರೇ ಅದರ ಹೊರಗೆ ಉಳಿಯುವ ಅಪಾಯವಿದೆ.

ವಾದ್ಯವನ್ನು ಕೆಳಗಿಟ್ಟವರು

ಹುಟ್ಟಿನ ಚಾಕರಿಯ ವಿರುದ್ಧ ಶಾಸನಸಭೆಯಲ್ಲಿ ಎದ್ದ ಮಹತ್ವದ ದನಿ ಡಾ. ಬಿ.ಆರ್. ಅಂಬೇಡ್ಕರ್ ಅವರದು. ೧೯೨೮ರಲ್ಲಿ ಅವರು ಮುಂಬಯಿ ಶಾಸನ ಪರಿಷತ್ತಿನಲ್ಲಿ ೧೮೭೪ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಗೆ ತಿದ್ದುಪಡಿ ಮಸೂದೆಯನ್ನು ಮಂಡಿಸಿದರು. ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಈ ಪ್ರಶ್ನೆ ಕನ್ನಡನಾಡಿನದೂ ಆಗಿತ್ತು. ವತನದ ಹೆಸರಿನಲ್ಲಿ ಹಗಲಿರುಳೆನ್ನದೆ ಚಾಕರಿ ಮಾಡಿಸುವುದು, ವತನದಾರ ಸಿಗದಿದ್ದರೆ ಅವನ ಮನೆಯ ಬೇರೆಯವರನ್ನು ಎಳೆತರುವುದು ಮುಂತಾದ ಅನ್ಯಾಯಗಳನ್ನು ಅವರು ಸಭೆಯ ಮುಂದಿಟ್ಟರು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು, ೨೩ನೆಯ ಅನುಚ್ಛೇದವು ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ೧೯೬೧ರ ಕರ್ನಾಟಕ ಗ್ರಾಮ ಹುದ್ದೆಗಳ ರದ್ದಿಯಾತಿ ಅಧಿನಿಯಮವು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು, ವಂಶಪಾರಂಪರ್ಯದ ಪಟೇಲ, ಶಾನುಭೋಗ, ತೋಟಿ, ತಳವಾರ ಹುದ್ದೆಗಳನ್ನು ಕೊನೆಗೊಳಿಸಿ, ಚಾಕರಿ ಇನಾಮು ಜಮೀನುಗಳ ಮರುಮಂಜೂರಾತಿಗೆ ಅವಕಾಶ ಕಲ್ಪಿಸಿತು. ಕರಾವಳಿಯ ಕೊರಗರ ವಿಷಯದಲ್ಲಿ ೨೦೦೦ದ ಅಜಲು ಪದ್ಧತಿ ನಿಷೇಧ ಅಧಿನಿಯಮ ಬಂದಿತು.

ಹುದ್ದೆ ರದ್ದಾದ ಮಾತ್ರಕ್ಕೆ ರೂಢಿ ರದ್ದಾಗಲಿಲ್ಲ. ೧೯೭೦ರ ದಶಕದಲ್ಲಿ ರೂಪುಗೊಂಡ ದಲಿತ ಚಳವಳಿಯು ಈ ಅಂತರವನ್ನು ಗುರುತಿಸಿತು. ಸತ್ತ ದನ ಹೊರುವುದಿಲ್ಲ, ಬಿಟ್ಟಿ ತಮಟೆ ಬಾರಿಸುವುದಿಲ್ಲ ಎಂಬ ನಿರಾಕರಣೆ ಹಲವು ಹಳ್ಳಿಗಳಲ್ಲಿ ಸಂಘರ್ಷಕ್ಕೆ, ಬಹಿಷ್ಕಾರಕ್ಕೆ ಕಾರಣವಾಯಿತು. ಅದೇ ಚಳವಳಿಯು ತಮಟೆಯನ್ನು ಜಾಥಾಗಳಲ್ಲಿ, ಹೋರಾಟದ ಹಾಡುಗಳಲ್ಲಿ ಮತ್ತೆ ಎತ್ತಿಕೊಂಡಿತು. ಇದನ್ನು ವಿರೋಧಾಭಾಸವೆಂದು ತಿಳಿಯಬಾರದು. ನಿರಾಕರಿಸಿದ್ದು ವಾದ್ಯವನ್ನಲ್ಲ, ವಾದ್ಯದ ಮೇಲಿದ್ದ ಬೇರೆಯವರ ಒಡೆತನವನ್ನು. ನೆರೆಯ ಆಂಧ್ರಪ್ರದೇಶದಲ್ಲಿ ೧೯೯೪ರಲ್ಲಿ ಆರಂಭವಾದ ಮಾದಿಗರ ಮೀಸಲಾತಿ ಹೋರಾಟವು 'ದಂಡೋರ' ಎಂಬ ಹೆಸರಿನಿಂದಲೇ ಪ್ರಸಿದ್ಧವಾಯಿತು. ಊರಿನ ಆಜ್ಞೆಯನ್ನು ಸಾರಲು ಬಳಸಿದ ಡಪ್ಪು ತನ್ನ ಬೇಡಿಕೆಯನ್ನು ತಾನೇ ಸಾರಿತು; ಇಲ್ಲಿ 'ಅಂತೆ' ಎಂಬ ಪ್ರತ್ಯಯಕ್ಕೆ ಕೆಲಸವಿರಲಿಲ್ಲ. ತಮಿಳುನಾಡು ಸರ್ಕಾರವು ೨೦೨೨ರಲ್ಲಿ ಮನುಷ್ಯರಿಂದ ತಂಡೋರ ಹೊಡೆಸುವುದನ್ನು ನಿಲ್ಲಿಸಿ, ವಾಹನಗಳ ಧ್ವನಿವರ್ಧಕಗಳನ್ನು ಬಳಸುವಂತೆ ಸೂಚಿಸಿತು. ಕರ್ನಾಟಕದಲ್ಲಿ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ೨೦೨೩ರಲ್ಲಿ ಪದ್ಮಶ್ರೀ ಸಂದಿತು. ಈ ಎರಡು ಘಟನೆಗಳು ಒಂದೇ ದಿಕ್ಕನ್ನು ಸೂಚಿಸುತ್ತವೆ. ಬಲವಂತದ ಬಡಿತ ನಿಲ್ಲಬೇಕು, ಕಲೆಯ ಬಡಿತಕ್ಕೆ ಬಾರಿಸುವವರ ಹೆಸರು ಸಲ್ಲಬೇಕು.

ಮೌನದ ಲೆಕ್ಕ

ಅಚ್ಚು, ರೇಡಿಯೋ, ಧ್ವನಿವರ್ಧಕ, ಮೊಬೈಲುಗಳು ಡಂಗುರದ ಕೆಲಸವನ್ನು ಹಂತಹಂತವಾಗಿ ಹಂಚಿಕೊಂಡವು. ೧೮೪೩ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಟಾಗ ಓದಬಲ್ಲವರಿಗೆ ಸುದ್ದಿಯ ಬೇರೊಂದು ದಾರಿ ತೆರೆಯಿತು. ೧೯೩೫ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿದಾಗ ಓದಲಾರದವರಿಗೂ ದೂರದ ದನಿ ಕೇಳಿಸುವ ಸಾಧ್ಯತೆ ಉಂಟಾಯಿತು. ಆಮೇಲೆ ಆಟೋಗೆ ಕಟ್ಟಿದ ಧ್ವನಿವರ್ಧಕ, ಪಂಚಾಯತಿಯ ಕಸದ ಗಾಡಿಯ ಮುದ್ರಿತ ದನಿ, ವಾಟ್ಸಾಪ್ ಗುಂಪುಗಳು ಬಂದವು. ಆದರೂ ೨೦೨೦ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಜಾರಿಯಾದಾಗ ರಾಜ್ಯದ ಹಲವು ಹಳ್ಳಿಗಳಲ್ಲಿ ಡಂಗುರವೇ ಮತ್ತೆ ಕೇಳಿಬಂತು. ಎಲ್ಲರಿಗೂ ಒಂದೇ ಹೊತ್ತಿಗೆ ತಿಳಿಯಲೇಬೇಕಾದ ಮಾತು ಬಂದಾಗ ಊರು ತನ್ನ ಹಳೆಯ ಸಾಧನವನ್ನು ನೆನೆಯಿತು. ಅದನ್ನು ಬಾರಿಸಲು ಯಾರನ್ನು ಕರೆಯಲಾಯಿತು, ಏನು ಕೊಡಲಾಯಿತು ಎಂಬ ಪ್ರಶ್ನೆಯೂ ಅದರೊಡನೆಯೇ ಮರಳಿತು.

ಡಂಗುರವು ನಿಂತುದರಿಂದ ಹೋದದ್ದು ಏನು, ತೊಲಗಿದ್ದು ಏನು ಎಂಬುದನ್ನು ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ತೊಲಗಿದ್ದು ಹುಟ್ಟಿನ ಚಾಕರಿ, ಅದಕ್ಕಾಗಿ ಮರುಗಬೇಕಾದುದಿಲ್ಲ. ಹೋದದ್ದು, ಊರಿನ ಯಾರೊಬ್ಬರೂ ಕೇಳಲಿಲ್ಲವೆನ್ನಲಾಗದಂತೆ ಪ್ರತಿ ಕೇರಿಯಲ್ಲಿ ನಿಂತು ಹೇಳುವ ಹೊಣೆ. ೨೦೧೧ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. ೭೫.೩೬. ಉಳಿದವರಿಗೆ ಗ್ರಾಮಸಭೆಯ ದಿನ, ಭೂಸ್ವಾಧೀನದ ತಕರಾರಿನ ಅವಧಿ, ಹರಾಜಿನ ಸ್ಥಳ ಇವುಗಳನ್ನು ಮುಟ್ಟಿಸುವ ಹೊಣೆ ಆಡಳಿತದ ಮೇಲಿದೆ. ಧ್ವನಿವರ್ಧಕದ ಗಾಡಿ ಮುಖ್ಯರಸ್ತೆಯಲ್ಲಿಯೇ ಸುಳಿದು ಹೋದರೆ, ನೋಟೀಸು ಜಾಲತಾಣದಲ್ಲಿಯೇ ಉಳಿದರೆ, ಆ ಹೊಣೆ ಈಡೇರಿದಂತಾಗುವುದಿಲ್ಲ.

ಜಾನಪದ ಸಂಶೋಧಕರಿಗೂ ಇಲ್ಲಿ ಕೆಲಸವಿದೆ. ಡಂಗುರದ ಬಡಿತಗಳು, ಕರೆಯ ಪ್ರಾದೇಶಿಕ ರೂಪಗಳು, ನಿಲ್ಲುತ್ತಿದ್ದ ಎಡೆಗಳು, ಆಯದ ಅಳತೆಗಳು ಇವುಗಳನ್ನು ಬಲ್ಲ ಹಿರಿಯರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರಿಂದ ದಾಖಲಿಸಿಕೊಳ್ಳುವಾಗ ಬಡಿತದ ಜೊತೆಗೆ ಚಾಕರಿಯ ನೆನಪನ್ನೂ, ಸಾರಿದ್ದರ ಜೊತೆಗೆ ಸಾರಲು ಒಲ್ಲೆನೆಂದದ್ದನ್ನೂ ಬರೆದುಕೊಳ್ಳಬೇಕು. ಹೇಳಲು ಒಪ್ಪಿದವರ ಹೆಸರನ್ನು ಮೊದಲ ಸಾಲಿನಲ್ಲಿಯೇ ನಮೂದಿಸಬೇಕು. ಬ್ರಹ್ಮಗಿರಿಯ ಬಂಡೆಯ ಮೇಲೆ ಲಿಪಿಕಾರ ಚಪಡನಿಗೆ ದೊರೆತ ಆ ಒಂದು ಸಾಲು ಭೇರಿಯವನಿಗೂ ಸಲ್ಲಬೇಕಾದುದೇ ಆಗಿದೆ.